ಬೀದಿಯ ಮುಖ, ಯಾರ ಸ್ವತ್ತು?

ಲಂಡನ್ನಿನ ಟೆರಿ ಜೋನ್ಸ್ ಮಹಾಶಯರು ಫ್ಯಾಷನ್ ಲೋಕಕ್ಕೆ ಪ್ರಜಾಪ್ರಭುತ್ವವನ್ನು ತಂದುಕೊಟ್ಟರೆಂದು ಹೊಗಳುವವರಿದ್ದಾರೆ. ಈ ಮಾತನ್ನು ನಾವು ಅರ್ಧ ಮಾತ್ರ ಒಪ್ಪುತ್ತೇವೆ.

ಒಪ್ಪುವ ಅರ್ಧವನ್ನು ಮೊದಲು ಹೇಳಿಬಿಡೋಣ. 1945ರಲ್ಲಿ ಹುಟ್ಟಿದ ಜೋನ್ಸ್, 1972ರಿಂದ 1977ರವರೆಗೆ 'ವೋಗ್' ಪತ್ರಿಕೆಯ ಬ್ರಿಟಿಷ್ ಆವೃತ್ತಿಯ ಕಲಾ ನಿರ್ದೇಶಕರಾಗಿದ್ದರು. ಸಿರಿವಂತ ಹೆಂಗಸರು ಯಾವ ಋತುವಿನಲ್ಲಿ ಯಾವ ನಿಲುವಂಗಿ ತೊಡಬೇಕೆಂದು ಅಪ್ಪಣೆ ಕೊಡಿಸುವ ಪತ್ರಿಕೆ ಅದು. ಅಂಥ ಹುದ್ದೆಯನ್ನು ಬಿಟ್ಟು ಬಂದು, 1980ರಲ್ಲಿ ಪತ್ನಿ ಟ್ರಿಷಿಯಾ ಅವರೊಡಗೂಡಿ 'ಐ-ಡಿ' ಎಂಬ ಪತ್ರಿಕೆಯನ್ನು ಹೊರಡಿಸಿದರು. ಬೆರಳಚ್ಚಿನ ಅಕ್ಷರ, ಕೈಯಿಂದ ಹೊಡೆದ ಪಿನ್ನು. (ವಾರವಾರವೂ ಹಾಳೆ ಮಡಿಚುವ ನಮಗೆ ಆ ಬೆರಳುನೋವಿನ ಪರಿಚಯವುಂಟು.) ಬೀದಿಯಲ್ಲಿ ಹೋಗುತ್ತಿದ್ದ ಹುಡುಗ ಹುಡುಗಿಯರನ್ನು ಗೋಡೆಯ ಮುಂದೆ ನಿಲ್ಲಿಸಿ, ಅಡಿಯಿಂದ ಮುಡಿಯವರೆಗೆ ಚಿತ್ರ ತೆಗೆದು, ಅಂಗಿ ಎಲ್ಲಿ ಕೊಂಡದ್ದು, ಬೂಟ್ಸಿಗೆ ಎಷ್ಟು ಕೊಟ್ಟದ್ದು ಎಂದು ಕೇಳಿ ಅಚ್ಚುಹಾಕಿದರು. ಥ್ಯಾಚರ್ ಆಡಳಿತದ ಬ್ರಿಟನ್ನಿನಲ್ಲಿ 1982ರ ಜನವರಿಗೆ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತ್ತು. ಅಂಥ ಕಾಲದಲ್ಲಿ ಬೀದಿಯ ಎಳೆಯರೂ ನೋಡಲು ಯೋಗ್ಯರೆಂದು ತೋರಿಸಿದ್ದು ಸಣ್ಣ ಕೆಲಸವಲ್ಲ.

ಇನ್ನು ಒಪ್ಪದ ಅರ್ಧ. ಮುಖ ಬೀದಿಯದು, ಉಡುಪಿನ ಕಲ್ಪನೆ ಬೀದಿಯದು. ಪತ್ರಿಕೆಯ ಒಡೆತನ ಮಾತ್ರ ಬೀದಿಯದಾಗಲಿಲ್ಲ. 2012ರ ಡಿಸೆಂಬರಿನಲ್ಲಿ 'ವೈಸ್' ಎಂಬ ದೊಡ್ಡ ಕಂಪನಿ ಅದನ್ನು ಕೊಂಡುಕೊಂಡಿತು. 2017ರಲ್ಲಿ 570 ಕೋಟಿ ಡಾಲರ್ ಬಾಳುತ್ತದೆಂದು ಬೆಲೆ ಕಟ್ಟಿಸಿಕೊಂಡ ಆ ಕಂಪನಿ 2023ರಲ್ಲಿ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷ ಅಮೆರಿಕದ ಹೆಸರಾಂತ ರೂಪದರ್ಶಿ ಕಾರ್ಲಿ ಕ್ಲಾಸ್ ಅವರ ಕಂಪನಿ ಪತ್ರಿಕೆಯನ್ನು ಕೊಂಡಿತು. ಸಂತೆಯಲ್ಲಿ ಎತ್ತು ಕೈ ಬದಲಾದ ಹಾಗೆ! ಗೋಡೆಯ ಮುಂದೆ ನಿಂತವರಿಗೆ ಈ ವ್ಯಾಪಾರದಲ್ಲಿ ಬೇಡವೆನ್ನುವ ಹಕ್ಕೂ ಇರಲಿಲ್ಲ, ಬಿಡಿಗಾಸಿನ ಪಾಲೂ ಇರಲಿಲ್ಲ. ಮತವಿಲ್ಲದ ಪ್ರಜಾಪ್ರಭುತ್ವ ಯಾವ ಬಗೆಯದು?

ಮುಖಪುಟದ ಮುಖ ಒಂದು ಕಣ್ಣು ಮುಚ್ಚಿರಬೇಕೆಂಬುದು 'ಐ-ಡಿ'ಯ ಸಂಪ್ರದಾಯ. ಮುಚ್ಚಿದ ಕಣ್ಣು ಯಾವ ಕಡೆಯದೆಂದು ನಾವು ಬಲ್ಲೆವು. ಅಂಗಡಿ ಯಾವುದು, ಬೆಲೆ ಎಷ್ಟು ಎಂದು ಕೇಳಿದ ಬಾಯಿ, ಹೊಲಿದವರು ಯಾರು, ಅವರ ಕೂಲಿ ಎಷ್ಟು ಎಂದೂ ಕೇಳಬಹುದಿತ್ತು. ಇಂಗ್ಲೆಂಡಿನ ಅಂಗಡಿಗಳಿಗೆ ಹೋಗುವ ಬಟ್ಟೆಯಲ್ಲಿ ನಮ್ಮ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಲಿದದ್ದೂ ಇದೆ. ಮಾಲೀಕರ ಪಾಲಿನ ಭವಿಷ್ಯನಿಧಿಯನ್ನು 58 ವರ್ಷದವರೆಗೆ ತೆಗೆಯಕೂಡದೆಂದು ಕೇಂದ್ರ ಸರ್ಕಾರ ನಿಯಮ ಮಾಡಿದಾಗ, 2016ರ ಏಪ್ರಿಲಿನಲ್ಲಿ ಈ ಹೆಣ್ಣುಮಕ್ಕಳು ಸಾವಿರಗಟ್ಟಲೆ ಹೊಸೂರು ರಸ್ತೆಗಿಳಿದರು. ಲಾಠಿಯ ಏಟನ್ನೂ ತಿಂದರು. ಸರ್ಕಾರ ನಿಯಮವನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದೂ ಬೀದಿಯೇ. ಅಲ್ಲಿ ನಿಂತವರ ಚಿತ್ರವನ್ನು ಅಡಿಯಿಂದ ಮುಡಿಯವರೆಗೆ ತೆಗೆದು, ದಿನಗೂಲಿ ಎಷ್ಟೆಂದು ಕೇಳಲು ಯಾವ ಫ್ಯಾಷನ್ ಪತ್ರಿಕೆ ಬಂದಿತ್ತೆಂದು ಹೊಗಳುವ ಮಹನೀಯರು ಹೇಳಲಿ.