ದ್ರಾಕ್ಷಿ ಬೀಜದ ಕ್ಯಾಪ್ಸೂಲಿಗೆ ಇಷ್ಟೊಂದು ಶಿಫಾರಸು ಬೇಡ

ದ್ರಾಕ್ಷಿ ಬೀಜದ ಸಾರ ವಿಟಮಿನ್ ಸಿಗಿಂತ ಪ್ರಬಲ ಆ್ಯಂಟಿಆಕ್ಸಿಡೆಂಟ್, ದಿನಕ್ಕೊಂದು ಕ್ಯಾಪ್ಸೂಲ್ ನುಂಗಿದರೆ ಬಿಪಿ, ಹೃದ್ರೋಗ, ಕ್ಯಾನ್ಸರ್ ದೂರ, ನೈಸರ್ಗಿಕವಾದ್ದರಿಂದ ಅಪಾಯವೂ ಇಲ್ಲ ಎಂಬುದು ಕಳೆದ ವಾರದ ಆರೋಗ್ಯ ಲೇಖನದ ವಾದ.

ಮೊದಲಿಗೆ, ಆ ಪ್ರಾಬಲ್ಯ ಪ್ರಯೋಗನಾಳಿಕೆಯದು. ಬೀಜದಲ್ಲಿರುವ ಪ್ರೊಆಂಥೊಸಯನಿಡಿನ್ ಎಂಬ ಆ್ಯಂಟಿಆಕ್ಸಿಡೆಂಟ್‌ಗಳ ದೊಡ್ಡ ಅಣುಗಳು ಕರುಳು ದಾಟಿ ರಕ್ತ ಸೇರುವುದೇ ಕಡಿಮೆ.

ಎರಡನೆಯದಾಗಿ, ಕೆಲವು ಸಣ್ಣ ಅಧ್ಯಯನಗಳಲ್ಲಿ ಬಿಪಿ ತುಸು ಇಳಿದದ್ದು ನಿಜ. ಅಲ್ಲಿಂದ ಹೃದಯಾಘಾತ, ಕ್ಯಾನ್ಸರ್ ತಡೆಗೆ ಹಾರುವುದು ತರ್ಕವಲ್ಲ, ಜಾಹೀರಾತು.

ಮೂರನೆಯದಾಗಿ, ಆ್ಯಂಟಿಆಕ್ಸಿಡೆಂಟ್ ಹೆಚ್ಚಾದಷ್ಟೂ ಒಳ್ಳೆಯದೆಂಬ ನಂಬಿಕೆ ಫಿನ್ಲೆಂಡಿನಲ್ಲೇ ಮುರಿದಿದೆ. ಅಲ್ಲಿ 29,000ಕ್ಕೂ ಹೆಚ್ಚು ಧೂಮಪಾನಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಬಂತು: ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚು! ಮಾತ್ರೆ ಬೇರೆ, ಭರವಸೆ ಇದೇ.

ನಾಲ್ಕನೆಯದಾಗಿ, ನೈಸರ್ಗಿಕವೆಂದರೆ ನಿರಪಾಯವಲ್ಲ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಔಷಧ ಸೇವಿಸುವವರಿಗೆ ಈ ಸಾರದಿಂದ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಇಂಥ ಪೂರಕಗಳ ಡಬ್ಬಿಯ ಮೇಲೆ 'ಔಷಧೀಯ ಬಳಕೆಗಲ್ಲ' ಎಂದು ಮುದ್ರಿಸಬೇಕೆಂಬುದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಲೇಖನದಲ್ಲಿ ಈ ಸಾಲೇ ಇಲ್ಲ.

ಇನ್ನೊಂದು ಸಂಗತಿ. 1940ರ ದಶಕದಲ್ಲಿ ಫ್ರಾನ್ಸಿನ ಝಾಕ್ ಮಾಸ್ಕೆಲಿಯೆ ಈ ಪ್ರೊಆಂಥೊಸಯನಿಡಿನ್‌ಗಳನ್ನು ಮೊದಲು ಬೇರ್ಪಡಿಸಿದ್ದು ದ್ರಾಕ್ಷಿಯಿಂದಲ್ಲ, ನೆಲಗಡಲೆಯ ಕೆಂಪು ಸಿಪ್ಪೆಯಿಂದ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಗದ್ದೆಗಳಲ್ಲಿ ಭತ್ತದ ಕೊಯ್ಲಾದ ಮೇಲೆ ಬೆಳೆಯುವುದು ಅದನ್ನೇ. ಹಾಗೆಂದು ನೆಲಗಡಲೆಯೂ ಮದ್ದಲ್ಲ. ಸಿಪ್ಪೆ ಸಮೇತ ತಿಂದರೆ ಒಳ್ಳೆಯ ಆಹಾರ, ಅಷ್ಟೆ. ಬಿಪಿ ಇದ್ದವರು ಉಪ್ಪು ಕಡಿಮೆ ಮಾಡಲಿ, ವೈದ್ಯರು ಬರೆದ ಮಾತ್ರೆ ಬಿಡದಿರಲಿ. ಕ್ಯಾಪ್ಸೂಲ್ ಬೇಕೇಬೇಕೆನ್ನುವವರು ಕೇಳಬೇಕಾದದ್ದು ವೈದ್ಯರನ್ನು, ಮಾರುವವರನ್ನಲ್ಲ.