ಹಳೆಯ ವ್ಯಾನಿನ ಇಂಜಿನು: ರಿಪೇರಿಯೋ, ಬದಲಾವಣೆಯೋ?



1984ರಲ್ಲಿ ಮಾರುತಿ ವ್ಯಾನ್ ಎಂದು ರಸ್ತೆಗೆ ಬಂದು, ಮುಂದೆ ಓಮ್ನಿ ಎಂದು ಹೆಸರಾದ ಪುಟ್ಟ ವಾಹನ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಬೆಳಗಿನ ಜಾವ ಹೂವಿನ ಮೂಟೆ, ಮಧ್ಯಾಹ್ನ ಗೊಬ್ಬರದ ಚೀಲ, ಸಂಜೆ ಮದುವೆಮನೆಗೆ ನೆಂಟರು. 2019ರಲ್ಲಿ ಇದರ ತಯಾರಿಕೆ ನಿಂತಿತು. ಇಂದು ಓಡುತ್ತಿರುವುದೆಲ್ಲ ವಯಸ್ಸಾದ ಗಾಡಿಗಳೇ. ಹೊಗೆ ಕಂಡ ದಿನ ನೀವು ಕೇಳುವ ಮಾತು ಇದು: “ಇಂಜಿನು ಹೋಯಿತು ಸ್ವಾಮಿ, ಗುಜರಿಯಿಂದ ಒಂದು ತಂದು ಕೂರಿಸೋಣ.”

ಆ ಮಾತಿಗೆ ಒಡನೆಯೇ ತಲೆಯಾಡಿಸಬೇಡಿ. “ಇಂಜಿನು ಹೋಯಿತು” ಎಂಬುದು ರೋಗದ ಹೆಸರಲ್ಲ. ಯಾವ ಭಾಗ ಹೋಗಿದೆಯೆಂದು ಮೊದಲು ಕೇಳಿರಿ.

ಹೊಗೆ ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿದೆ ಎಂದರ್ಥ. ನಮ್ಮ ದಾರಿಗಳ ಧೂಳಿಗೆ ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೂ ಹೀಗಾಗುವುದುಂಟು. ಇಂಜಿನು ಕಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಿದ್ದು, ರೇಡಿಯೇಟರ್ ನೀರು ಇಳಿಯುತ್ತಿದ್ದು, ಆಯಿಲು ಹಾಲು ಬೆರೆತ ಕಾಫಿಯಂತಾಗಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಗುಮಾನಿಯಿಡಬೇಕು. ಹೆಡ್ ಬಿರುಕು ಬಿಟ್ಟಿರದಿದ್ದರೆ ಬಿಚ್ಚಿ ಮಟ್ಟಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿಸಿದರೆ ಸಾಕಾಗಬಹುದು.

ನೀಲಿ ಹೊಗೆಯೆಂದರೆ ಆಯಿಲು ಉರಿಯುತ್ತಿದೆ. ಇಲ್ಲಿ ಕಂಪ್ರೆಷನ್ ಪರೀಕ್ಷೆ ಮಾಡಿಸದೆ ಒಂದು ರೂಪಾಯಿಯನ್ನೂ ಬಿಚ್ಚಬೇಡಿ. ಪ್ಲಗ್ಗುಗಳನ್ನು ತೆಗೆದು ಮೂರು ಸಿಲಿಂಡರುಗಳಿಗೂ ಮೀಟರು ಹಿಡಿಯುತ್ತಾರೆ. ಒತ್ತಡ ಕಡಿಮೆಯಿರುವುದಕ್ಕೆ ಒಂದು ಚಮಚ ಆಯಿಲು ಬಿಟ್ಟು ಮತ್ತೆ ನೋಡಬೇಕು. ಮುಳ್ಳು ಮೇಲೇರಿದರೆ ರಿಂಗು, ಬೋರು ಸವೆದಿವೆ. ಏರದಿದ್ದರೆ ದೋಷ ವಾಲ್ವಿನದೋ ಗ್ಯಾಸ್ಕೆಟ್ಟಿನದೋ ಆಗಿರುತ್ತದೆ. ಮೂರರಲ್ಲೂ ಒತ್ತಡ ಸರಿಯಿದ್ದು, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಷ್ಟೇ ಹೊಗೆ ಬಂದರೆ ವಾಲ್ವ್ ಸೀಲುಗಳನ್ನು ನೋಡಿಸಿ. ಇವಾವುವೂ ಇಂಜಿನನ್ನು ಗುಜರಿಗೆ ಹಾಕುವ ಕಾಯಿಲೆಗಳಲ್ಲ.

ಕೆಳಗಿನಿಂದ ಬಡಿತ ಕೇಳಿಸಿ, ಆಯಿಲ್ ದೀಪವೂ ಹತ್ತಿಕೊಂಡರೆ ಮಾತು ಬೇರೆ. ಕ್ರ್ಯಾಂಕು, ಬೇರಿಂಗು ಹೋಗಿದ್ದರೆ ಖರ್ಚು ಏರುತ್ತದೆ. ಬ್ಲಾಕು ಸೀಳಿದ್ದರಂತೂ ಬದಲಾವಣೆಯೇ ಸರಿ. ಆದರೆ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ಹಿಡಿದು, ನಾಲ್ಕು ಹೆಜ್ಜೆ ನಡೆಸಿ ನೋಡುವ ನಾವು, ಎಣ್ಣೆ ಒರೆಸಿಟ್ಟ ಇಂಜಿನನ್ನು ಹೊರಗಿನ ಹೊಳಪು ನೋಡಿ ಕೊಳ್ಳುವುದೇಕೆ? ಅದಕ್ಕೂ ಅದೇ ಕಂಪ್ರೆಷನ್ ಪರೀಕ್ಷೆ ಮಾಡಿಸಿರಿ. ಕಾರ್ಬ್ಯುರೇಟರ್ ಗಾಡಿಗೆ ಎಂಪಿಎಫ್ಐ ಇಂಜಿನು ಅಗ್ಗವೆಂದು ತಂದರೆ ವೈರಿಂಗ್ ಕೆಲಸದಲ್ಲೇ ಉಳಿತಾಯ ಕರಗೀತು. ಟೈಮಿಂಗ್ ಬೆಲ್ಟು, ಆಯಿಲ್ ಸೀಲುಗಳನ್ನು ಕೂರಿಸುವ ಮೊದಲೇ ಬದಲಿಸಿಬಿಡಿ.

ಇಷ್ಟಕ್ಕೂ ಮುಂಚೆ ಒಂದು ಕೆಲಸವುಂಟು. ಮ್ಯಾಟು ಎತ್ತಿ ತಳದ ತಗಡನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ತುಕ್ಕು ತಳವನ್ನು ತಿಂದಿದ್ದರೆ ಆ ಗಾಡಿಗೆ ರಿಪೇರಿಯೂ ಬೇಡ, ಬೇರೆ ಇಂಜಿನೂ ಬೇಡವೆಂಬುದು ನಮ್ಮ ಅಭಿಪ್ರಾಯ. ಆರ್‌ಸಿಯ ತಾರೀಖನ್ನೂ ನೋಡಿಕೊಳ್ಳಿ. ಸ್ವಂತ ಬಳಕೆಯ ವಾಹನಕ್ಕೆ 15 ವರ್ಷವಾದಾಗ ನೋಂದಣಿ ನವೀಕರಣಕ್ಕೆ ತಪಾಸಣೆಯುಂಟು. ಅಲ್ಲಿ ನಪಾಸಾಗುವ ಗಾಡಿಗೆ ಸುರಿದ ಹಣ ಹೊಳೆಗೆ ಹಾಕಿದಂತೆ.

ಬದಲಾಯಿಸಿದ್ದೇ ಆದರೆ ಇಂಜಿನಿನ ಬಿಲ್ಲು, ಅದು ಬಂದ ಗಾಡಿಯ ಕಾಗದಪತ್ರ ಕೇಳಿ ಪಡೆಯಿರಿ. ಕದ್ದ ಗಾಡಿಯ ಇಂಜಿನು ನಿಮ್ಮ ಸೀಟಿನಡಿ ಕುಳಿತರೆ ಠಾಣೆ ಮೆಟ್ಟಿಲು ಹತ್ತುವವರು ನೀವೇ. ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಂಡು ಹೊಸ ನಂಬರನ್ನು ಆರ್‌ಸಿಗೆ ಬರೆಯಿಸಿ, ವಿಮೆಯವರಿಗೂ ತಿಳಿಸಿರಿ.