ತಾಯಿಯ ಹಾಲು ಮತ್ತು ಗಾಳಿಯ ಒತ್ತಡ

ಎಳನೀರಿನಲ್ಲಿ ಕೊಳವೆಯನ್ನಿಟ್ಟು ಹೀರುವಾಗ ನೀರು ಮೇಲಕ್ಕೇರುವುದೇಕೆ ಎಂದು ಕೇಳಿದರೆ ಪ್ರೌಢಶಾಲೆಯ ವಿದ್ಯಾರ್ಥಿಯೂ ಉತ್ತರ ಹೇಳಬಲ್ಲನು. ಕೊಳವೆಯೊಳಗೆ ಗಾಳಿಯ ಒತ್ತಡ ತಗ್ಗುತ್ತದೆ. ಹೊರಗಿನ ವಾಯುಮಂಡಲದ ಒತ್ತಡವು ದ್ರವವನ್ನು ಮೇಲಕ್ಕೆ ತಳ್ಳುತ್ತದೆ. ಆದರೆ ತಾಯಿಯ ಎದೆಯಿಂದ ಹಾಲು ಕುಡಿಯುವ ಕೂಸು ಇದೇ ತತ್ತ್ವವನ್ನು ಬಳಸುತ್ತದೆಂಬುದನ್ನಾಗಲಿ, ಇದೇ ತತ್ತ್ವದಿಂದ ನಡೆಯುವ ಪಂಪೊಂದು ಇಂದು ಅನೇಕ ತಾಯಂದಿರ ಕೈಚೀಲದಲ್ಲಿ ಇರುತ್ತದೆಂಬುದನ್ನಾಗಲಿ ನಮ್ಮ ಪಾಠಗಳು ಹೇಳುವುದು ತೀರ ಅಪರೂಪ. ‘ಅದು ಹೆಂಗಸರ ವಿಷಯ’ ಎಂದು ನಾವು ಅದನ್ನು ಪಕ್ಕಕ್ಕೆ ಸರಿಸಿಬಿಟ್ಟಿದ್ದೇವೆ. ಹೀಗೆ ಸರಿಸಿದುದರಿಂದ ತಾಯಿ ಮಕ್ಕಳಿಗೆ ನಷ್ಟವಾಗಿದೆಯೆಂದೂ, ವಿಜ್ಞಾನದ ತರಗತಿಯೇ ಅದಕ್ಕೆ ತಕ್ಕ ಸ್ಥಳವೆಂದೂ ನನ್ನ ಅಭಿಪ್ರಾಯ.

ಮೊದಲು ಭೌತಶಾಸ್ತ್ರವನ್ನು ನೋಡೋಣ. ವಾಯುಮಂಡಲದ ಒತ್ತಡವು ಸಮುದ್ರಮಟ್ಟದಲ್ಲಿ 760 ಮಿಲಿಮೀಟರ್ ಪಾದರಸದಷ್ಟು. ಕೂಸು ಬಾಯಿತುಂಬ ಮೊಲೆಯನ್ನು ಹಿಡಿದು, ನಾಲಗೆಯನ್ನು ಕೆಳಕ್ಕಿಳಿಸಿದಾಗ ಬಾಯೊಳಗಿನ ಒತ್ತಡವು ಇದಕ್ಕಿಂತ ಸುಮಾರು 150 ಮಿಲಿಮೀಟರ್‌ನಷ್ಟು ತಗ್ಗಬಹುದು. ಇಷ್ಟು ವ್ಯತ್ಯಾಸವು ನೀರನ್ನು ಸುಮಾರು 2 ಮೀಟರ್ ಎತ್ತರಕ್ಕೆ ಏರಿಸಲು ಸಾಕು! ಹಸುಗೂಸಿನ ಶಕ್ತಿ ನಾವೆಣಿಸಿದಷ್ಟು ಅಲ್ಪವಲ್ಲ. ಪಂಪು ಮಾಡುವುದೂ ಇದನ್ನೇ. ಮೊಲೆಯ ಮೇಲೆ ಗಾಳಿಯಾಡದಂತೆ ಕೂರುವ ಆಲಿಕೆ, ಹಿಂದು ಮುಂದಾಗಿ ಒತ್ತಡವನ್ನು ತಗ್ಗಿಸಿ ಬಿಡುವ ಪೊರೆ ಅಥವಾ ಕೊಂತ, ಹಾಲನ್ನು ಕೆಳಗಿನ ಸೀಸೆಗೆ ಮಾತ್ರ ಬಿಡುವ ಕವಾಟ, ಇವೇ ಅದರ ಅಂಗಗಳು. ಸೆಳೆತವು ಎಡೆಬಿಡದೆ ಇರದೆ ಬಿಟ್ಟು ಬಿಟ್ಟು ಬರಬೇಕು. ಆಗಲೇ ಅಂಗಾಂಶದಲ್ಲಿ ರಕ್ತಸಂಚಾರ ಕೆಡದೆ ನಡೆದೀತು.

ಈ ಉಪಕರಣ ಹೊಸದೇನೂ ಅಲ್ಲ. ಅಮೆರಿಕದಲ್ಲಿ ಓರ್ವೆಲ್ ನೀಡ್‌ಹ್ಯಾಮ್ ಎಂಬುವರು 1854ರಲ್ಲಿಯೇ ಇಂತಹ ಪಂಪಿಗೆ ಪೇಟೆಂಟ್ ಪಡೆದಿದ್ದರು. ಚದುರಂಗದ ಪ್ರಸಿದ್ಧ ಆಟಗಾರರೂ ಇಂಜಿನಿಯರೂ ಆಗಿದ್ದ ಎಡ್ವರ್ಡ್ ಲಾಸ್ಕರ್ 1920ರ ದಶಕದಲ್ಲಿ ವಿದ್ಯುತ್ತಿನಿಂದ ನಡೆಯುವ ಪಂಪನ್ನು ರಚಿಸಿದರು. ಸ್ವೀಡನ್ನಿನ ಇಂಜಿನಿಯರ್ ಐನಾರ್ ಎಗ್ನೆಲ್ ಅಂಗಾಂಶಕ್ಕೆ ಗಾಯವಾಗದಂತೆ ಎಷ್ಟು ಸೆಳೆಯಬಹುದೆಂಬುದನ್ನು ಪರಿಶೀಲಿಸಿ 1956ರಲ್ಲಿ ಬರೆದರು. ಸೆಳೆತ ಹೆಚ್ಚಿದಷ್ಟೂ ಹಾಲು ಹೆಚ್ಚುವುದಿಲ್ಲವೆಂಬುದು ಇಲ್ಲಿ ನೆನಪಿಡತಕ್ಕ ಮಾತು. ನೋವಾಗುವಷ್ಟು ಸೆಳೆದರೆ ಹಾಲು ಕಡಮೆಯಾಗುವ ಸಂಭವವೇ ಹೆಚ್ಚು.

ಏಕೆಂದರೆ ಎದೆಯು ನೀರು ತುಂಬಿದ ಕೊಡವಲ್ಲ; ಜೀವಂತ ಗ್ರಂಥಿ. ಹಾಲು ತಯಾರಾಗುವ ಕಿರುಚೀಲಗಳ ಸುತ್ತ ಹಿಗ್ಗಿ ಕುಗ್ಗುವ ಜೀವಕೋಶಗಳಿವೆ. ಕೂಸು ಚೀಪುವ ಸ್ಪರ್ಶವು ನರಗಳ ಮೂಲಕ ಮಿದುಳಿಗೆ ತಲಪಿದಾಗ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಬಿಡುಗಡೆಯಾಗುತ್ತದೆ. ಅದು ಈ ಜೀವಕೋಶಗಳನ್ನು ಕುಗ್ಗಿಸಿ ಹಾಲನ್ನು ನಾಳಗಳಿಗೆ ನೂಕುತ್ತದೆ. ಕೂಸಿನ ಅಳು ಕೇಳಿದ ಮಾತ್ರಕ್ಕೆ ಕೆಲವು ತಾಯಂದಿರ ಎದೆಯಿಂದ ಹಾಲು ಒಸರುವುದು ಇದರಿಂದಲೇ. ಹಾಗೆಯೇ ಭಯ, ನಾಚಿಕೆ, ನೋವು, ಆತಂಕಗಳು ಈ ಇಳಿತವನ್ನು ತಡೆಯಬಲ್ಲವು. ಪಂಪು ಹೊರಗಿನ ಒತ್ತಡವನ್ನು ತಗ್ಗಿಸುತ್ತದೆ. ಒಳಗಿನಿಂದ ನೂಕುವ ಬಲವು ತಾಯಿಯ ಶರೀರದಿಂದಲೇ, ಅವಳ ನೆಮ್ಮದಿಯಿಂದಲೇ ಬರಬೇಕು.

ನನ್ನ ವಾದದ ತಿರುಳು ಇಲ್ಲಿದೆ. ಉದ್ಯೋಗಕ್ಕೆ ಮರಳಿದ ತಾಯಿಗೆ ಒಂದು ಮರೆಯಾದ ಕೋಣೆಯನ್ನು ಕೊಡಿರೆಂದರೆ, ಅನೇಕರು ಅದನ್ನು ಕೃಪೆಯೆಂದೋ ವಿಲಾಸವೆಂದೋ ಭಾವಿಸುತ್ತಾರೆ. ಅದು ಯಂತ್ರದ ಒಂದು ಭಾಗವೆಂದೇ ನಾನು ಹೇಳುತ್ತೇನೆ. ಪಾಯಖಾನೆಯ ಬಾಗಿಲನ್ನು ಒತ್ತಿ ಹಿಡಿದು, ಯಾರು ತಟ್ಟುವರೋ ಎಂದು ಅಂಜುತ್ತ ನಿಂತವಳಿಗೆ ಎಷ್ಟು ಬೆಲೆಬಾಳುವ ಪಂಪಿದ್ದರೂ ಪ್ರಯೋಜನ ಅಲ್ಪ. ಅಲ್ಲದೆ ಹಾಲು ಎದೆಯಲ್ಲಿಯೇ ನಿಂತರೆ ಶರೀರವು ಉತ್ಪಾದನೆಯನ್ನು ತಗ್ಗಿಸುತ್ತದೆ. ತೆಗೆದಷ್ಟೂ ಮತ್ತೆ ತಯಾರಾಗುತ್ತದೆ. ಎಂಟೊಂಬತ್ತು ಗಂಟೆ ಹಾಲು ತೆಗೆಯಲು ಎಡೆಯಿಲ್ಲದವಳ ಎದೆ ಕಲ್ಲಾಗುತ್ತದೆ, ನೋಯುತ್ತದೆ, ಕೆಲವೊಮ್ಮೆ ಬಾವೂ ಏರುತ್ತದೆ. ಇದು ದಿನದಿನವೂ ನಡೆದರೆ ಹಾಲು ಬತ್ತುತ್ತ ಬರುತ್ತದೆ. ಆಗ ‘ಅವಳಿಗೆ ಹಾಲಿಲ್ಲ’ ಎಂದು ಮನೆಯವರು ಅವಳನ್ನೇ ದೂರುತ್ತಾರೆ! ತಪ್ಪು ಅವಳ ಶರೀರದ್ದಲ್ಲ, ನಾವು ಮಾಡಿಕೊಟ್ಟ ಏರ್ಪಾಡಿನದು.

ಇಷ್ಟು ಪ್ರಯಾಸವೇಕೆ, ಪುಡಿಹಾಲು ಇಲ್ಲವೇ ಎಂದು ಕೇಳಬಹುದು. ತಾಯಿಯ ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರು, 7 ಭಾಗ ಸಕ್ಕರೆ, 4 ಭಾಗ ಕೊಬ್ಬು, 1 ಭಾಗ ಸಸಾರಜನಕ. ಇವನ್ನು ಕಾರ್ಖಾನೆಯಲ್ಲಿ ಹೊಂದಿಸಬಹುದು. ಆದರೆ ರೋಗವನ್ನೆದುರಿಸುವ ಪ್ರತಿಕಾಯಗಳನ್ನೂ, ಜೀವಂತ ಕೋಶಗಳನ್ನೂ ಡಬ್ಬಿಯಲ್ಲಿ ತುಂಬಲಾಗದು. ಮೊದಲ ದಿನಗಳ ಹಳದಿ ಹಾಲಿನಲ್ಲಿ ಪ್ರತಿಕಾಯಗಳು ಹೇರಳ. ಅದನ್ನು ಕೆಟ್ಟ ಹಾಲೆಂದು ಚೆಲ್ಲುವುದು ದೊಡ್ಡ ಅನ್ಯಾಯ. ಮೊದಲ 6 ತಿಂಗಳು ಕೂಸಿಗೆ ತಾಯಿಯ ಹಾಲೊಂದೇ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವೈದ್ಯಕೀಯ ಕಾರಣದಿಂದ ಬೇರೆ ಹಾಲು ಬೇಕಾದ ಕೂಸುಗಳೂ ಉಂಟು. ಆ ತಾಯಂದಿರನ್ನು ಹಳಿಯಲು ಯಾರಿಗೂ ಹಕ್ಕಿಲ್ಲ.

ತೆಗೆದ ಹಾಲನ್ನು ಇಡುವುದೂ ವಿಜ್ಞಾನದ ಮಾತೇ. ಕೈಯನ್ನೂ ಪಾತ್ರೆಯನ್ನೂ ಚೆನ್ನಾಗಿ ತೊಳೆದು ತೆಗೆದ ಹಾಲು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 4 ಗಂಟೆ, ರೆಫ್ರಿಜರೇಟರಿನ 4 ಡಿಗ್ರಿಯಲ್ಲಿ 4 ದಿನ ಇರಬಲ್ಲದು. ರಾಯಚೂರಿನ ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುವುದರಿಂದ ಅಲ್ಲಿ ಆ 4 ಗಂಟೆಯನ್ನು ನಂಬುವಂತಿಲ್ಲ, ಕೂಡಲೇ ತಣ್ಣಗಿಡಬೇಕು. ಇಟ್ಟ ಹಾಲಿನ ಮೇಲೆ ಕೆನೆ ಬೇರ್ಪಟ್ಟರೆ ಕೆಟ್ಟಿತೆಂದು ತಿಳಿಯಬಾರದು. ಕೊಬ್ಬಿನ ಕಣಗಳು ಹಗುರವಾದುದರಿಂದ ಮೇಲಕ್ಕೇರಿರುತ್ತವೆ, ಮೆಲ್ಲಗೆ ಅಲುಗಿಸಿದರೆ ಕೂಡಿಕೊಳ್ಳುತ್ತವೆ. ಬೆಚ್ಚಗೆ ಮಾಡಲು ಸೀಸೆಯನ್ನು ಬಿಸಿನೀರಿನಲ್ಲಿಡಬೇಕು. ಮೈಕ್ರೋವೇವ್ ಒಲೆಯಲ್ಲಿ ಹಾಲು ಒಂದೆಡೆ ಕುದಿದು ಇನ್ನೊಂದೆಡೆ ತಣ್ಣಗಿರುವುದರಿಂದ ಕೂಸಿನ ಬಾಯಿ ಸುಟ್ಟೀತು.

ಪಂಪು ಎಲ್ಲರಿಗೂ ಬೇಕೆಂದು ನಾನು ಹೇಳುವುದಿಲ್ಲ. ಕೈಯಿಂದ ಹಾಲು ಹಿಂಡಿ ತೆಗೆಯುವ ಕ್ರಮಕ್ಕೆ ಕಾಸೂ ಬೇಡ, ವಿದ್ಯುತ್ತೂ ಬೇಡ. ಮೊದಲ ದಿನಗಳ ಗಟ್ಟಿಯಾದ ಹಾಲಿಗೆ ಅನೇಕ ವೇಳೆ ಅದೇ ಮೇಲು. ಪಂಪಿದೆಯೆಂದು ಹೆರಿಗೆಯ ರಜೆಯನ್ನು ಮೊಟಕುಗೊಳಿಸುವ ಧಣಿಗಳ ವಾದವನ್ನೂ ಒಪ್ಪಲಾಗದು. ನಮ್ಮ ದೇಶದಲ್ಲಿ 2017ರ ತಿದ್ದುಪಡಿಯು ರಜೆಯನ್ನು 26 ವಾರಗಳಿಗೆ ಏರಿಸಿ, 50 ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಶಿಶುಪಾಲನಾಗೃಹ ಇರಬೇಕೆಂದೂ, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಬಹುದೆಂದೂ ವಿಧಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ವಿಧಿಗಳಿವೆ. ಆದರೆ ಸಣ್ಣ ಅಂಗಡಿಯ, ಹೊಲದ, ಮನೆಗೆಲಸದ ತಾಯಿಗೆ ಇದರಿಂದ ಏನು ದಕ್ಕಿತು? ಅವಳಿಗೆ ಸಿಕ್ಕಬಹುದಾದುದು ಸುತ್ತಲಿನವರ ತಿಳಿವಳಿಕೆಯೊಂದೇ.

ಆ ತಿಳಿವಳಿಕೆ ವಿದ್ಯಾರ್ಥಿಗಳಾದ ನಿಮ್ಮಿಂದ ಆರಂಭವಾಗಬೇಕು. ನಿಮ್ಮಲ್ಲಿ ಕೆಲವರು ಇಂಜಿನಿಯರುಗಳಾಗಿ ಕಟ್ಟಡದ ನಕ್ಷೆ ಬರೆಯುವಿರಿ, ಕೆಲವರು ಕಾರ್ಖಾನೆಗಳನ್ನು ನಡೆಸುವಿರಿ, ಬಹುಮಂದಿ ತಾಯಿತಂದೆಗಳಾಗುವಿರಿ. ಬೀಗವಿರುವ ಒಂದು ಪುಟ್ಟ ಕೋಣೆ, ಒಂದು ಕುರ್ಚಿ, ಕೈ ತೊಳೆಯಲು ನೀರು, ತಣ್ಣಗಿಡಲು ಒಂದು ಪೆಟ್ಟಿಗೆ, ಇಪ್ಪತ್ತು ನಿಮಿಷದ ಬಿಡುವು: ಇವಿಷ್ಟಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಕಾಲೇಜುಗಳೇ ಮೊದಲು ಇದನ್ನು ಮಾಡಿ ತೋರಿಸಲಿ. ಮುಂದಿನ ಬಾರಿ ವಾಯುಮಂಡಲದ ಒತ್ತಡದ ಪಾಠ ಬಂದಾಗ ಅಧ್ಯಾಪಕರು ಎಳನೀರಿನ ಕೊಳವೆಯೊಡನೆ ಹಾಲು ಕುಡಿಯುವ ಕೂಸನ್ನೂ ಉದಾಹರಿಸಲಿ. ಅವರು ಮರೆತರೆ, ಸಂಕೋಚವಿಲ್ಲದೆ ನೀವೇ ಕೇಳಿರಿ.